ನಜಮುನ್ನೀಸಾಳ ಕೆನ್ನೆ

ಮೂರನೆಯ ಫೋಟೊವನ್ನು ಸುಂದರಬಾಯಿ ಮೇಜಿನ ಮೇಲಿಡದೆ ನೇರವಾಗಿ ಕಂಪ್ಯೂಟರಿನ ಕೀಲಿಮಣೆಯ ಮೇಲೆಯೇ ಇಟ್ಟಳು. ಇನ್ನು ಈ ಹುಡುಗಿ ಕೈಯಲ್ಲಿ ಕೆಲಸವಿದೆ ಎಂದು ನೆಪ ಹೇಳುವಂತಿರಲಿಲ್ಲ.

"ಮೂರೂ ನಿನ್ನ ಕೈಯಾಗ ಆಗಿದ್ದೇ. ಹೌದೋ ಅಲ್ಲೋ, ಅಷ್ಟು ಹೇಳು."

ಮಹೆವಿಶ ಫೋಟೊಗಳತ್ತ ನೋಡಲಿಲ್ಲ. ಪರದೆಯ ಮೇಲೆ ಅರ್ಧ ಬೆಳ್ಳಗಾಗಿದ್ದ ಯಾರದೋ ಮದುಮಗಳ ಮುಖವನ್ನೇ ನೋಡುತ್ತ, ಚಿಂಚೋಳಿಯಿಂದ ವಾಡಿಯವರೆಗೆ ಏಳು ಸ್ಟುಡಿಯೊಗಳ ಕೆಲಸ ತನ್ನ ಹತ್ತಿರ ಬರುತ್ತದೆ, ದಿನಕ್ಕೆ ಮೂವತ್ತು ನಲವತ್ತು ಮುಖ ತಿದ್ದುತ್ತೇನೆ, ಯಾವುದನ್ನೆಂದು ನೆನಪಿಡಲಿ ಎಂದಳು. ದನಿ ಮೆತ್ತಗಿತ್ತು. ಆದರೆ ಮೌಸ್ ಹಿಡಿದ ಬೆರಳುಗಳು ಬಿಳುಚಿಕೊಂಡಿದ್ದವು.

ಸುಂದರಬಾಯಿ ವಾಡಿಯವಳು. ಮೂವತ್ತೊಂದು ವರ್ಷ ಪೊಲೀಸ್ ಖಾತೆಯಲ್ಲಿ ದುಡಿದು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಈಗ ಮೈಮೇಲೆ ಖಾಕಿ ಇಲ್ಲ, ಕೈಯಲ್ಲಿ ಅಧಿಕಾರ ಇಲ್ಲ. ಮೊಣಕಾಲು ನೋವೊಂದಿದೆ. ಸುಳ್ಳು ಹೇಳುವವರ ಬಾಯಿ ನೋಡಿ ಉಪಯೋಗವಿಲ್ಲ, ಬೆರಳು ನೋಡಬೇಕು ಎಂಬ ಬುದ್ಧಿಯನ್ನು ಮಾತ್ರ ಖಾತೆಗೆ ವಾಪಸ್ ಕೊಡದೆ ಉಳಿಸಿಕೊಂಡಿದ್ದಳು.

ಶಹಾಬಾದಿನ ಆ ಮನೆಯ ಮುಂದಿನ ಕೋಣೆಯೇ ಮಹೆವಿಶಳ ಕಾರ್ಖಾನೆ. ಪಕ್ಕದ ಕಲ್ಲಿನ ಯಂತ್ರದ ಬೂದಿಬಣ್ಣದ ಧೂಳು ಕಿಟಕಿಯಿಂದ ಬಂದು ಎಲ್ಲದರ ಮೇಲೂ ಕೂರುತ್ತಿತ್ತು. ಕಂಪ್ಯೂಟರಿಗೆ ಮಾತ್ರ ಹಳೆಯ ದುಪಟ್ಟಾ ಹೊದಿಸಿ ಇಡುತ್ತಾಳೆಂದು ಮಡಚಿಟ್ಟ ಬಟ್ಟೆ ಹೇಳುತ್ತಿತ್ತು.

ಹೊಸ್ತಿಲಿನ ಹತ್ತಿರ ಯಂಕಮ್ಮ ಕುಳಿತಿದ್ದಳು. ಒಳಗೆ ಬಾ ಎಂದು ಎರಡು ಸಲ ಕರೆದರೂ ಬಂದಿರಲಿಲ್ಲ. ದಂಡೋತಿಯ ಹೆಣ್ಣುಮಗಳು, ಕಾಗಿಣಾ ದಂಡೆಯಲ್ಲಿ ಮಂದಿಯ ಹೊಲದಲ್ಲಿ ದುಡಿದು ಬದುಕಿದವಳು. ಅವಳ ಹಿರಿಯ ಮಗಳು ಪ್ರೀತಿಯ ಹೆಣ ಭಂಕೂರಿನ ಹಳೆಯ ಕಲ್ಲುಗಣಿಯ ನೀರಿನಲ್ಲಿ ಸಿಕ್ಕು ಇಂದಿಗೆ ಹತ್ತು ದಿನ.

ಸುಂದರಬಾಯಿಯ ಬಾಗಿಲಿಗೆ ಬಂದ ದಿನ ಯಂಕಮ್ಮ ಮಗಳನ್ನು ಯಾರು ಕೊಂದರು ಎಂದು ಕೇಳಿರಲಿಲ್ಲ. ಯಾವ ದಿನ ಸತ್ತಳು, ಅದೊಂದು ಹುಡುಕಿ ಹೇಳ್ರಿ ಸಾಕು ಎಂದಿದ್ದಳು. ಓದು ಬಾರದವಳಾದರೂ ಬಲು ಚುರುಕು ಎಂದುಕೊಂಡಿದ್ದಳು ಸುಂದರಬಾಯಿ. ಏಕೆಂದರೆ ಇಡೀ ಪ್ರಕರಣ ನಿಂತಿದ್ದೇ ಆ ದಿನದ ಮೇಲೆ.

ಪ್ರೀತಿಯ ಗಂಡ ಲಕ್ಷ್ಮಿಕಾಂತ ಸೇಡಂನವನು. ಸರಕಿನ ಗಾಡಿ ಓಡಿಸುತ್ತಾನೆ. ಶುಕ್ರವಾರ ಬೆಳಗಾಗುವ ಹೊತ್ತಿಗೆ ಚಿಂಚೋಳಿಗೆ ಹೋದವನು ಮುಂದಿನ ಗುರುವಾರ ಹೆಣ ಸಿಕ್ಕ ಸುದ್ದಿ ಬರುವವರೆಗೆ ಅಲ್ಲಿಯೇ ಇದ್ದ. ಇದಕ್ಕೆ ಹತ್ತು ಜನ ಸಾಕ್ಷಿ. ನೀರಿನಲ್ಲಿ ನೆನೆದ ದೇಹ ನೋಡಿ ಇಂಥದ್ದೇ ದಿನ ಎಂದು ಹೇಳಲಾಗದು ಎಂದು ಡಾಕ್ಟರು ಬರೆದಿದ್ದರು. ಆದರೆ ನಡುವೆ ಭಾನುವಾರ ಸೇಡಂನಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ತೆಗೆದ ಪ್ರೀತಿಯ ಫೋಟೊ ಒಂದಿತ್ತು. ಹೂವಿನ ಪರದೆಯ ಮುಂದೆ, ಕಣ್ಣು ತೆರೆದು, ನೆಟ್ಟಗೆ ಕುಳಿತ ಹೆಣ್ಣು. ತೆಗೆದವನು ಅಂಬರಾಯ, ಸೇಡಂನ ಸ್ಟುಡಿಯೊದವನು. ತಾನೇ ತೆಗೆದದ್ದೆಂದು ಠಾಣೆಯಲ್ಲಿ ಬರೆದುಕೊಟ್ಟಿದ್ದ. ಭಾನುವಾರ ಬದುಕಿದ್ದಳು, ಗಂಡ ಶುಕ್ರವಾರದಿಂದ ಊರಲ್ಲಿರಲಿಲ್ಲ. ಅಂದ ಮೇಲೆ ಕಾಲು ಜಾರಿದ್ದೇ ಸರಿ. ನಾಳೆ ಮಧ್ಯಾಹ್ನ ಆ ಕಡತ ಹಾಗೆಂದು ಬರೆಸಿಕೊಂಡು ಮೇಲಿನ ಕಚೇರಿಗೆ ಹೋಗುವುದಿತ್ತು. ಹೋದದ್ದು ತಿರುಗಿ ಬರುವುದು ಎಷ್ಟು ಕಷ್ಟ ಎಂದು ಸುಂದರಬಾಯಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಅವಳು ಮೊದಲ ಫೋಟೊದ ಮೇಲೆ ಬೆರಳಿಟ್ಟಳು. ಚಿಂಚೋಳಿಯ ಖಾನಾವಳಿಯ ಮುದುಕ. ಲಕ್ಷ್ಮಿಕಾಂತ ಅಲ್ಲಿ ದಿನಾ ಉಂಡದ್ದು ನಿಜವೇ ಎಂದು ವಿಚಾರಿಸಲು ಹೋದಾಗ, ನಿಜವೇ ಎಂದು ತಿಳಿದು ಬೇಸರದಿಂದ ರೊಟ್ಟಿ ಮುರಿಯುತ್ತ ಗೋಡೆ ನೋಡುವಾಗ ಕಂಡದ್ದು. ಮುದುಕನ ಎಡಗೆನ್ನೆಯಲ್ಲಿ, ಕಣ್ಣಿನಿಂದ ಎರಡು ಬೆರಳು ಕೆಳಗೆ, ಸಾಸಿವೆಯಷ್ಟು ಸಣ್ಣ ಮೂರು ಕುಳಿ. ಒಲೆಯ ಮೂರು ಕಲ್ಲಿನ ಹಾಗೆ.

ಎರಡನೆಯದು ಚಿತ್ತಾಪುರದ ಒಬ್ಬ ಮಾಸ್ತರರ ಹೆಂಡತಿ. ಬಸ್ಸಿಗೆ ಕಾಯುತ್ತ ಪರಿಚಯದವರ ಮನೆಯಲ್ಲಿ ನೀರು ಕುಡಿಯಲು ಕುಳಿತಾಗ ಕಂಡಿದ್ದಳು. ಅದೇ ಕೆನ್ನೆ, ಅದೇ ಜಾಗ, ಅದೇ ಮೂರು ಕುಳಿ.

ಮನೆಗೆ ಬಂದವಳೇ ಪ್ರೀತಿಯ ಫೋಟೊದ ಪ್ರತಿ ತೆಗೆದು, ಕಾಳು ಆರಿಸುವಾಗ ಹಿಡಿಯುವ ಭೂತಗನ್ನಡಿ ಹಿಡಿದು ನೋಡಿದಳು. ಅಲ್ಲಿಯೂ ಇತ್ತು. ಪ್ರೀತಿಯ ಮುಖದಲ್ಲಿ ಹುಟ್ಟಿದಾಗಿನಿಂದ ಒಂದು ಕುಳಿಯೂ ಇರಲಿಲ್ಲವೆಂದು ಯಂಕಮ್ಮ ಆಣೆ ಮಾಡಿ ಹೇಳಿದ್ದಳು. ಚಿತ್ತಾಪುರದ ಸ್ಟುಡಿಯೊದವನನ್ನು ಕೇಳಿದರೆ, ಮುಖದ ಕೆಲಸವೆಲ್ಲ ಶಹಾಬಾದಿಗೆ ಹೋಗುತ್ತದೆ, ಮಹೆವಿಶ ಎಂಬ ಹುಡುಗಿ ಮನೆಯಲ್ಲಿ ಕುಳಿತು ಮಾಡಿಕೊಡುತ್ತಾಳೆ ಎಂದ.

"ಮೂರು ಊರಿನ ಮೂರು ಮಂದಿಗೆ ಒಂದೇ ಕಡೆ ಒಂದೇ ಗಾಯ ಹೆಂಗಾತು?" ಎಂದು ಸುಂದರಬಾಯಿ ಕೇಳಿದಳು.

ಉತ್ತರ ಒಳಮನೆಯ ಬಾಗಿಲಿನಿಂದ ಬಂತು. ಚಹಾದ ಕಪ್ಪು ಹಿಡಿದುಕೊಂಡು ಬಂದ ಮುದುಕಿ ಮಹೆವಿಶಳ ಅಜ್ಜಿ, ನಜಮುನ್ನೀಸಾ. ಅವಳು ಬಗ್ಗಿ ಕಪ್ಪು ಇಡುವಾಗ ಕಿಟಕಿಯ ಬೆಳಕು ಎಡಗೆನ್ನೆಯ ಮೇಲೆ ಬಿತ್ತು.

ಮೂರು ಕುಳಿ. ಒಲೆಯ ಮೂರು ಕಲ್ಲು.

"ಸಣ್ಣಾಕಿದ್ದಾಗ ಸಿಡುಬು ಆಗಿತ್ತವ್ವ," ಎಂದಳು ಮುದುಕಿ, ಸುಂದರಬಾಯಿ ನೋಡಿದ್ದನ್ನು ನೋಡಿ. "ನಿಕಾ ಆಗಂಗಿಲ್ಲ ಅಂತ ನಮ್ಮವ್ವ ಅತ್ತಿದ್ದಳು. ಈಗ ನೋಡು, ಈ ಕೆನ್ನಿ ನಾಕು ತಾಲೂಕಿನ ಗ್ವಾಡಿ ಮ್ಯಾಲ ಹಾರ ಹಾಕ್ಕೊಂಡು ಕುಂತದ. ನಾ ಸತ್ರ ನನಗ ಯಾರದು ಹಚ್ತಾಳೋ ಈಕಿ."

ಮಹೆವಿಶ "ದಾದಿ" ಎಂದು ತಡೆದಳು. ಮುದುಕಿ ನಗುತ್ತ ಒಳಗೆ ಹೋದಳು.

ಸುಂದರಬಾಯಿ ಚಹಾ ಮುಟ್ಟಲಿಲ್ಲ. ಮುದುಕಿಯ ಮಾತಿನಲ್ಲಿ ಎರಡು ಶಬ್ದ ಅವಳ ಕಿವಿಯಲ್ಲಿ ಸಿಕ್ಕಿಕೊಂಡಿದ್ದವು. ಹಾರ. ಗೋಡೆ. ಖಾನಾವಳಿಯ ಮುದುಕನ ಫೋಟೊಗೆ ಹಾರವಿತ್ತು. ಮಾಸ್ತರರ ಹೆಂಡತಿಯ ಫೋಟೊಗೂ ಗಂಧದ ಹಾರ, ಕೆಳಗೊಂದು ಸಣ್ಣ ದೀಪ. ಇದೇ ಹುಡುಗಿ ತಿದ್ದಿದ ಮದುವೆಯ ಫೋಟೊಗಳನ್ನು ಚಿತ್ತಾಪುರದ ಸ್ಟುಡಿಯೊದ ಗಾಜಿನ ಹಿಂದೆ ನಿನ್ನೆಯಷ್ಟೇ ನೋಡಿದ್ದಳು. ಹತ್ತಾರು ಮುಖ. ಒಂದರಲ್ಲೂ ಕುಳಿ ಇರಲಿಲ್ಲ.

"ದಾದಿ ಚರ್ಮ ಎಲ್ಲರಿಗೂ ಹಚ್ಚಂಗಿಲ್ಲ ನೀ," ಎಂದಳು ನಿಧಾನವಾಗಿ. "ಸತ್ತೋರಿಗಷ್ಟೇ ಹಚ್ತಿ."

ಕಲ್ಲಿನ ಯಂತ್ರ ಒಮ್ಮೆ ನಿಂತು ಮತ್ತೆ ಶುರುವಾಯಿತು. ಹೊಸ್ತಿಲಲ್ಲಿ ಯಂಕಮ್ಮ ತಲೆ ಎತ್ತಿದ್ದಳು.

ಮಹೆವಿಶ ತಡೆದು ತಡೆದು ಹೇಳತೊಡಗಿದಳು. ಬದುಕಿದವರ ಫೋಟೊದಲ್ಲಿ ಏನೇ ತಿದ್ದಿದರೂ ಅವರದೇ ಚರ್ಮದ ಸೂಕ್ಷ್ಮ ರಂಧ್ರ, ಗೆರೆ ಉಳಿಸಿಕೊಳ್ಳಬಹುದು. ಮುಖವನ್ನು ಎರಡು ಪದರ ಮಾಡುತ್ತಾಳೆ. ಒಂದರಲ್ಲಿ ಬಣ್ಣ ಮಾತ್ರ, ಇನ್ನೊಂದರಲ್ಲಿ ಚರ್ಮದ ಒರಟು ಮಾತ್ರ. ಬಣ್ಣದ ಪದರ ತಿಳಿಮಾಡಿ ಒರಟಿನ ಪದರ ಮೇಲೆ ಹೊದಿಸಿದರೆ ಮುಖ ನಿಜವಾಗಿ ಕಾಣುತ್ತದೆ. ಆದರೆ ಈ ಕಡೆಯ ಎಷ್ಟೋ ಮನೆಗಳಲ್ಲಿ ಮನುಷ್ಯ ಇದ್ದಾಗ ಒಂದು ಒಳ್ಳೆಯ ಫೋಟೊ ತೆಗೆಸಿರುವುದಿಲ್ಲ. ಸತ್ತ ಮೇಲೆ ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂ ಮುಡಿಸಿ, ಅವಾಗ ಸ್ಟುಡಿಯೊದವನಿಗೆ ಹೇಳಿ ಕಳಿಸುತ್ತಾರೆ. ಆ ಮುಖ ಮೇಣದ ಹಾಗಿರುತ್ತದೆ. ಕಣ್ಣು ಬೇರೆ ಕಡೆಯಿಂದ ತಂದು ಕೂಡಿಸಬೇಕು, ಬಣ್ಣ ಪೂರ್ತಿ ಹೊಸದು ಬಳಿಯಬೇಕು. ಬಳಿದರೆ ಗೊಂಬೆಯಾಗುತ್ತದೆ. ಮನೆಯವರು ಇದು ನಮ್ಮಪ್ಪನಲ್ಲ ಎಂದು ಅಳುತ್ತಾರೆ. ಅದಕ್ಕೆ ಅಜ್ಜಿಯ ಕೆನ್ನೆಯನ್ನು ಹತ್ತಿರದಿಂದ ತೆಗೆದು, ಆ ಒರಟನ್ನು ಎತ್ತಿಟ್ಟುಕೊಂಡಿದ್ದಾಳೆ. ಅದನ್ನು ಹೊದಿಸಿದರೆ ಸತ್ತವರು ಉಸಿರಾಡಿದಂತೆ ಕಾಣುತ್ತಾರೆ. ಕುಳಿಗಳನ್ನು ಒರೆಸಬಹುದಿತ್ತು. ಯಾರು ನೋಡುತ್ತಾರೆ ಎಂದು ಬಿಟ್ಟಿದ್ದಳು.

"ಹಂಗಾದ್ರ ಇದು?"

ಸುಂದರಬಾಯಿ ಮೂರನೆಯ ಫೋಟೊ ಎತ್ತಿ ಹಿಡಿದಿದ್ದಳು. ಹೂವಿನ ಪರದೆ, ತೆರೆದ ಕಣ್ಣು, ಕೆಳಮೂಲೆಯಲ್ಲಿ ಭಾನುವಾರದ ತಾರೀಖು.

ಮಹೆವಿಶ ಈಗ ನೋಡಿದಳು. ಅಂಬರಾಯಣ್ಣ ಕಳಿಸಿದ್ದು ಎಂದಳು. ಸೇಡಂನ ಹೆಣ್ಣುಮಗಳು ತೀರಿಕೊಂಡಿದ್ದಾಳೆ, ಗೋಡೆಗೆ ಹಾಕಲು ಬೇಕು, ಕಣ್ಣು ತೆರೆಸು ಎಂದಿದ್ದ. ಮಾಡಿಕೊಟ್ಟಳು. ನಾಲ್ಕು ದಿನ ಬಿಟ್ಟು ಹಿಂದೆ ಹೂವಿನ ಪರದೆ ಕೂಡಿಸು ಎಂದ. ಅದನ್ನೂ ಮಾಡಿಕೊಟ್ಟಳು. ಆಮೇಲೆ ಪತ್ರಿಕೆಯಲ್ಲಿ ಅದೇ ಮುಖ ಬಂತು. ಭಾನುವಾರ ಬದುಕಿದ್ದಳು ಎಂದು ಬರೆದಿತ್ತು.

"ನೋಡಿ ಸುಮ್ನಾದಿ."

"ಅಂಬರಾಯಣ್ಣಗ ಫೋನ್ ಮಾಡಿದೆ. ನಿನ್ನ ಕೆಲಸ ಕಲೆ ತೆಗಿಯೋದು, ಮಂದಿ ಮನಿ ಇಣುಕೋದಲ್ಲ ಅಂದ್ರು." ಮಹೆವಿಶಳ ಕಣ್ಣು ತುಂಬಿರಲಿಲ್ಲ, ಒಣಗಿದ್ದವು. "ಮೊದಲ ಕೆಲಸ ಕೊಟ್ಟವರು ಅವರೇ. ಅವರು ಬಿಟ್ರ ಏಳೂ ಸ್ಟುಡಿಯೊ ಬಿಡ್ತಾವ. ನಾ ಯಾರಿಗೆ ಏನು ಅನ್ಯಾಯ ಮಾಡೀನ್ರಿ? ಕಲೆ ಒರಸೀನಿ. ಎಲ್ಲಾರೂ ಅದನ್ನೇ ಕೇಳ್ತಾರ."

ಠಾಣೆಯಲ್ಲಿದ್ದಿದ್ದರೆ ಸುಂದರಬಾಯಿ ಇಲ್ಲಿ ಮೇಜು ಕುಟ್ಟುತ್ತಿದ್ದಳು. ಸಾಕ್ಷಿ ಮುಚ್ಚಿಟ್ಟವರಿಗೆ ಏನಾಗುತ್ತದೆ ಎಂದು ಹೆದರಿಸುತ್ತಿದ್ದಳು. ಹೆದರಿದವರು ಕೊಡುವುದಕ್ಕಿಂತ ಅಳಿಸುವುದೇ ಹೆಚ್ಚು ಎಂದು ತಿಳಿಯಲು ಮೂವತ್ತೊಂದು ವರ್ಷ ಬೇಕಾಗಿತ್ತು. ಅವಳು ಸ್ಟೂಲನ್ನು ಎಳೆದುಕೊಂಡು ಹುಡುಗಿಯ ಪಕ್ಕ ಕುಳಿತಳು.

"ನಾನೂ ಭಾಳ ಒರಸೀನವ್ವ," ಎಂದಳು. "ಮಾರಿ ಬಾತು, ತುಟಿ ಹರದು ಹೆಣ್ಮಕ್ಕಳು ಠಾಣಾಕ ಬರ್ತಿದ್ರು. ಸಂಸಾರದ ಜಗಳ, ಬುದ್ಧಿ ಹೇಳಿ ಕಳಿಸಲಾಗಿದೆ ಅಂತ ನನ್ನ ಕೈಲೆ ಬರದು, ಮನಿಗೆ ಮುಟ್ಟಿಸಿ ಬಂದೀನಿ. ಸಾಹೇಬ್ರು ಹಂಗ ಬರಿ ಅಂತಿದ್ರು, ನನ್ನ ಕೆಲಸನೂ ಅದೇ ಇತ್ತು. ಒಬ್ಬಾಕಿ ನಾ ಬಿಟ್ಟು ಬಂದ ಹನ್ನೊಂದನೇ ದಿನ ಸುಟ್ಟು ಹೋದಳು. ಆಕಿ ಹೆಸರು ಈಗೂ ಯಾರ ಮುಂದೂ ಹೇಳಾಕ ಆಗಂಗಿಲ್ಲ ನನಗ."

ಮಹೆವಿಶ ಪರದೆಯ ಮೇಲಿನ ಮದುಮಗಳನ್ನು ಮುಚ್ಚಿದಳು. ಒಂದರೊಳಗೊಂದು ಕೋಣೆಯಂತಿದ್ದ ಫೋಲ್ಡರುಗಳ ನಡುವೆ ಹುಡುಕಿ ಒಂದನ್ನು ತೆರೆದಳು. ಮುಖ ಇನ್ನಷ್ಟು ಬೆಳ್ಳಗೆ ಮಾಡು, ಹಣೆಬೊಟ್ಟು ದೊಡ್ಡದು ಮಾಡು ಎಂದು ಗಿರಾಕಿಗಳು ತಿರುಗಿ ಬರುತ್ತಾರೆ. ಅದಕ್ಕೆ ಪದರ ಬಿಡಿಸಿದ ಕಡತವನ್ನು ಒಂದು ವರ್ಷ ಇಟ್ಟುಕೊಳ್ಳುವುದು ಅವಳ ರೂಢಿ. ಅಂಬರಾಯನಿಗೆ ಅದು ಗೊತ್ತಿರಲಿಲ್ಲ. ಅವನು ತಯಾರಾದ ಫೋಟೊ ಒಂದನ್ನೇ ನೋಡುವವನು.

ಪ್ರೀತಿ ಪರದೆಯ ತುಂಬ ಬಂದು ಕುಳಿತಳು. ಗಳಿಗೆ ಹಿಂದೆ ತಲೆಗೆ ಎಣ್ಣೆ ಹಚ್ಚಿಕೊಂಡವಳಂತೆ, ನಗಲೋ ಬೇಡವೋ ಎಂಬಂತೆ.

ಮಹೆವಿಶ ಒಂದೊಂದೇ ಪದರ ತೆಗೆಯತೊಡಗಿದಳು.

ಮೊದಲು ಹೂವಿನ ಪರದೆ ಹೋಯಿತು. ಹಿಂದೆ ಸುಣ್ಣದ ಗೋಡೆ ಕಂಡಿತು. ಆಮೇಲೆ ಅಜ್ಜಿಯ ಕೆನ್ನೆ ಹೋಯಿತು. ಮೂರು ಕುಳಿ ಮಾಯವಾಗಿ ಮುಖ ಪ್ಲಾಸ್ಟಿಕ್ಕಿನಂತೆ ನುಣುಪಾಯಿತು. ಆಮೇಲೆ ಬಣ್ಣ. ಕೆನ್ನೆಯ ಕೆಂಪು ಇಳಿದು ಬೂದಿ ಬಂತು. ಆಮೇಲೆ ಕಣ್ಣು. ಯಾರದೋ ಮದುವೆಯ ಆಲ್ಬಮ್ಮಿನಿಂದ ತಂದ ಎರಡು ಕಣ್ಣು ಚುಕ್ಕಿಯ ಹಾಗೆ ಆರಿಹೋಗಿ, ಮುಚ್ಚಿದ ರೆಪ್ಪೆಗಳು ಉಳಿದವು. ಎಡಗಣತದ ಮೇಲೆ, ಕಣ್ಣು ಕಿವಿಯ ನಡುವೆ ಕೂದಲ ಅಂಚಿನಲ್ಲಿ, ನೇರಳೆ ಬಣ್ಣದ ಬಾವು. ಗಣಿಯ ಕಲ್ಲು ತಾಗಿ ಆದ ಗಾಯ ಎಂದು ಕಡತದಲ್ಲಿ ಬರೆದದ್ದು ಅದನ್ನೇ. ಗಣಿ ಕಾಣುವ ಮೊದಲೇ ಅದು ಅಲ್ಲಿತ್ತು.

"ತಾರೀಖು ತೋರಿಸು."

ಕ್ಯಾಮೆರಾ ತಾನಾಗಿ ಬರೆದುಕೊಂಡ ತಾರೀಖು. ಗುರುವಾರ. ಸಂಜೆ ನಾಲ್ಕೂ ಐವತ್ತೆರಡು. ಲಕ್ಷ್ಮಿಕಾಂತ ಚಿಂಚೋಳಿಗೆ ಹೊರಟದ್ದು ಶುಕ್ರವಾರ.

ಗೆದ್ದೆ ಎಂದುಕೊಳ್ಳಬೇಕಿತ್ತು. ಸುಂದರಬಾಯಿಗೆ ಬಾಯಿ ಕಹಿಯಾಯಿತು. ಮಾಡಬಾರದ್ದನ್ನು ಮಾಡಲು ಆ ಮನೆಯವರು ಅಂಜಲಿಲ್ಲ, ಮುಚ್ಚಿಡಲು ಅಂಜಲಿಲ್ಲ. ಆದರೆ ಸತ್ತವಳನ್ನು ಕೂಡಿಸಿ ಕಡೆಯ ಫೋಟೊ ತೆಗೆಸದೆ ಸಾಗಿಸಲು ಮಾತ್ರ ಅಂಜಿದರು. ಯಾರ ಒತ್ತಾಯವೋ ಏನೋ.

"ಇನ್ನೊಂದು ಪದರ ಅದ," ಎಂದಳು ಮಹೆವಿಶ. "ಸತ್ತೋರ ಕುತ್ತಿಗಿ ನಿಲ್ಲಂಗಿಲ್ಲಲ್ರಿ. ಯಾರರೆ ಹಿಡಕೋಬೇಕಾಗ್ತದ. ಆ ಕೈ ನಾ ಒರಸ್ತೀನಿ."

ಅವಳು ಕಡೆಯ ಪದರ ತೆಗೆದಳು.

ಪ್ರೀತಿಯ ಗದ್ದದ ಕೆಳಗೆ ಒಂದು ಕೈ ಇತ್ತು. ಪಕ್ಕದಿಂದ ಬಂದು ಗದ್ದವನ್ನು ಎತ್ತಿ ಹಿಡಿದ, ದುಡಿದು ಕಪ್ಪಾದ ಹೆಣ್ಣಿನ ಕೈ. ಎರಡು ಹಸಿರು ಬಳೆ. ಹೆಬ್ಬೆರಳ ಉಗುರು ಎಂದೋ ಕುಡುಗೋಲು ತಾಗಿ ಸೀಳಿ, ಎರಡಾಗಿ ಬೆಳೆದಿತ್ತು.

ಸುಂದರಬಾಯಿ ಅತ್ತೆಯ ಕೈಯೇ, ನೆಂಟರ ಕೈಯೇ ಎಂದು ಲೆಕ್ಕ ಹಾಕುತ್ತಿದ್ದಳು. ಆಗ ಹಿಂದೆ ಉಸಿರಿನ ಸದ್ದಾಯಿತು. ಯಂಕಮ್ಮ ಯಾವಾಗಲೋ ಎದ್ದು ಒಳಗೆ ಬಂದಿದ್ದಳು. ಮಗಳ ಮುಖ ನೋಡುತ್ತ ಕುರ್ಚಿಯ ಬೆನ್ನನ್ನು ಹಿಡಿದು ನಿಂತಿದ್ದಳು. ಕುರ್ಚಿ ಹಿಡಿದ ಕೈಯ ಹೆಬ್ಬೆರಳ ಉಗುರು ಎರಡಾಗಿ ಸೀಳಿತ್ತು.

ಮಹೆವಿಶ ಪರದೆ ನೋಡಿದಳು, ಕುರ್ಚಿ ನೋಡಿದಳು, ಎದ್ದು ಗೋಡೆಗೆ ಸರಿದು ನಿಂತಳು.

ಸುಂದರಬಾಯಿ ಏಳಲಿಲ್ಲ. ಎಂಟು ದಿನ ಈ ಹೆಂಗಸಿನ ಜೊತೆ ಬಸ್ಸು ಹತ್ತಿ ಇಳಿದಿದ್ದಳು, ಒಂದೇ ಬುತ್ತಿಯ ರೊಟ್ಟಿ ತಿಂದಿದ್ದಳು.

"ಗುರುವಾರ ನೀ ಸೇಡಂದಾಗ ಇದ್ದಿ," ಎಂದಳು.

ಯಂಕಮ್ಮ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಮುಚ್ಚಿಕೊಳ್ಳುವ ಯತ್ನವನ್ನೂ ಮಾಡಲಿಲ್ಲ. ನೆಲಕ್ಕೆ ಕುಸಿದು ಕುಳಿತು, ಯಾರಿಗೋ ಬೇರೆಯವರ ಮನೆಯ ಸುದ್ದಿ ಹೇಳುವವಳಂತೆ ಹೇಳಿದಳು. ಮಧ್ಯಾಹ್ನ ಲಕ್ಷ್ಮಿಕಾಂತ ಫೋನ್ ಮಾಡಿ, ಪ್ರೀತಿ ಬಚ್ಚಲಲ್ಲಿ ಬಿದ್ದಿದ್ದಾಳೆ ಬಾ ಎಂದ. ಹೋಗುವಷ್ಟರಲ್ಲಿ ನಡುಮನೆಯಲ್ಲಿ ಮಲಗಿಸಿದ್ದರು, ಹೋಗಿಬಿಟ್ಟಳು ಎಂದರು. ಕಣತದ ಬಾವು ನೋಡಿ ಅವಳು ಕೂಗಲು ಹೋದಾಗ ಅಳಿಯ ಬಾಯಿಗೆ ಕೈ ಅಡ್ಡ ಹಿಡಿದ. ಯಂಕಮ್ಮ ತನ್ನ ಕಿರಿಯ ಮಗಳು ದೇವಿಕಾಳನ್ನೂ ಅದೇ ಮನೆಗೆ ಕೊಟ್ಟಿದ್ದಳು, ಅಳಿಯನ ತಮ್ಮನಿಗೆ. ಮಾತು ಹೊರಗೆ ಹೋದರೆ ಈಕೆಯನ್ನೂ ಹಿಂಗ ನೋಡತಿ ಎಂದ ಅಳಿಯ. ನಮ್ಮ ಹೊಲದಲ್ಲೇ ಮಣ್ಣು ಮಾಡುತ್ತೇವೆ, ಯಾರಿಗೂ ತಿಳಿಯಬಾರದು ಎಂದರು. ಸತ್ತವಳು ಹೋದಳು, ಇದ್ದವಳು ಉಳಿಯಲಿ ಎಂದು ಅವಳು ಸೆರಗು ಬಾಯಿಗೆ ತುರುಕಿಕೊಂಡಳು.

"ಒಂದು ಮಾತಿಗೆ ಮಾತ್ರ ಜಗ್ಗಲಿಲ್ಲ ನಾ," ಎಂದಳು. "ಫೋಟೊ ಇಲ್ಲದ ಕಳಿಸಂಗಿಲ್ಲ ಅಂದೆ. ಮದುವಿದಾಗಿನವು ಬಿಟ್ರ ಒಂದೂ ಇರಲಿಲ್ಲ ಆಕಿದು. ಅದರಾಗೂ ಅತ್ತು ಅತ್ತು ಕಣ್ಣು ಬಾತಾವ. ಚಂದನ್ನದು ಒಂದು ಬೇಕು, ಇಲ್ಲಂದ್ರ ಒದರ್ತೀನಿ ಅಂದೆ. ಅದಕ್ಕ ಅಂಬರಾಯಗ ಕರದ್ರು."

ಆ ಫೋಟೊವನ್ನೇ ಅವರು ಆಮೇಲೆ ತಮಗೆ ಬೇಕಾದಂತೆ ಬಳಸಿಕೊಂಡರು. ಹೆಣ ಹೊಲದ ಮಣ್ಣಿನಲ್ಲಿಲ್ಲ, ಭಂಕೂರಿನ ಗಣಿಯ ನೀರಿನಲ್ಲಿದೆ ಎಂದು ಯಂಕಮ್ಮನಿಗೆ ತಿಳಿದದ್ದು ಊರಿಗೆಲ್ಲ ತಿಳಿದ ದಿನವೇ.

ಸುಂದರಬಾಯಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. "ಎಲ್ಲಾ ಗೊತ್ತಿದ್ದು ನನ್ನ ಯಾಕ ತಿರುಗಾಡ್ಸಿದಿ? ಗುರುವಾರ ಸತ್ತಾಳ ಅಂತ ನಿನಗ ಗೊತ್ತಿತ್ತಲ್ಲ."

"ಗೊತ್ತಿಲ್ರಿ." ಯಂಕಮ್ಮ ಮೊದಲ ಸಲ ಮುಖ ಎತ್ತಿದಳು. "ಅದೊಂದೇ ಗೊತ್ತಿಲ್ಲ. ಗದ್ದ ಹಿಡಕೊಂಡು ಕುಂತಾಗ ನನ್ನ ಬೆರಳಿಗೆ ಬೆಚ್ಚಗ ತಾಗಾಕತ್ತಿತ್ತು. ಉಸಿರು ಬಂದಂಗ. ಹೇಳಿದೆ. ನಿನ್ನ ಕೈಯೇ ನಡಗಾಕತ್ತದ ಅಂದ್ರು. ಹೌದೇನೋ ಅಂದ್ಕೊಂಡೆ. ಹದಿನೇಳು ದಿನ ಆತು, ಈ ಬೆರಳು ಆರಿಲ್ಲ."

ಮಹೆವಿಶ ಗೋಡೆ ಬಿಟ್ಟು ಬಂದಳು. ಯಾರೂ ಹೇಳದೆಯೇ ಕೂತು, ಅಂಬರಾಯ ಕಳಿಸಿದ್ದು ಎರಡು ಫೋಟೊ ಎಂದಳು. ಮೊದಲನೆಯದರಲ್ಲಿ ತಲೆ ವಾಲಿತ್ತು, ಅದಕ್ಕೆ ಎರಡನೆಯದನ್ನು ತೆಗೆದುಕೊಂಡಿದ್ದಳು. ಈಗ ಎರಡನ್ನೂ ಅಕ್ಕಪಕ್ಕ ಇಟ್ಟಳು. ಒಂದು ನಾಲ್ಕೂ ನಲವತ್ತಕ್ಕೆ, ಇನ್ನೊಂದು ನಾಲ್ಕೂ ಐವತ್ತೆರಡಕ್ಕೆ. ನಡುವೆ ಅಂಬರಾಯ ಬ್ಯಾಟರಿ ಬದಲಿಸಲು ಹೊರಗೆ ಹೋಗಿದ್ದ ಎಂದಳು ಯಂಕಮ್ಮ. ಮೊದಲನೆಯದಕ್ಕಿಂತ ಮುಂಚೆ ಮಗಳ ಮುಖವನ್ನು ಸೆರಗಿನಿಂದ ಒರೆಸಿದ್ದಾಗಿಯೂ, ಆಮೇಲೆ ಗದ್ದ ಬಿಟ್ಟು ಕೈ ತೆಗೆಯಲೇ ಇಲ್ಲವೆಂದೂ ಹೇಳಿದಳು.

ಮಹೆವಿಶ ಎರಡೂ ಮುಖಗಳ ಮೇಲ್ತುಟಿಯನ್ನು ದೊಡ್ಡದು ಮಾಡಿದಳು. ತಿದ್ದದ ಚರ್ಮ. ಸೂಕ್ಷ್ಮ ರಂಧ್ರ, ಸಣ್ಣ ಕೂದಲು, ಒಣಗಿದ ಗೆರೆ.

ಮೊದಲನೆಯದರಲ್ಲಿ ತುಟಿಯ ಮೇಲೆ ಏನೂ ಇರಲಿಲ್ಲ. ಎರಡನೆಯದರಲ್ಲಿ ಒಂಬತ್ತು ಹನಿ ಇದ್ದವು. ಸಾಬೂದಾಣಿಗಿಂತ ಸಣ್ಣವು, ಒಂದೊಂದು ರಂಧ್ರದ ಬಾಯಿಯಲ್ಲಿ ಒಂದೊಂದು.

"ಸ್ನಾನದ ನೀರು ಅಂದ್ಕೊಂಡಿದ್ದೆ," ಎಂದಳು ಮಹೆವಿಶ. "ಒಂಬತ್ತೂ ನಾನೇ ಒರಸೀನಿ. ಒಂದೊಂದಾಗಿ."

ಎಷ್ಟು ಹೆಣಗಳ ಹತ್ತಿರ ಇಡೀ ದಿನ ಕಾವಲು ಕುಳಿತಿದ್ದಳು ಸುಂದರಬಾಯಿ. ಸೆಕೆಯಲ್ಲಿ, ಬಯಲಲ್ಲಿ, ತಾನು ಬೆವರಿ ಒದ್ದೆಯಾಗುತ್ತ. ಪಕ್ಕದಲ್ಲಿದ್ದ ಹೆಣಗಳು ಯಾವತ್ತೂ ಬೆವರಿರಲಿಲ್ಲ.

ಯಂಕಮ್ಮ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಕಾಯಿಲೆ ಬಿದ್ದ ಕೂಸನ್ನು ನೋಡುವಂತೆ ನೋಡುತ್ತಿದ್ದಳು. ಹೊರಗೆ ಕಲ್ಲು ಕೊರೆಯುವ ಸದ್ದು ನಡೆದೇ ಇತ್ತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಸುಂದರಬಾಯಿ ಅದನ್ನು ಕೇಳದೆ ಎದ್ದು ಹೋಗಬಹುದಿತ್ತು. ಫೋಟೊ ಇತ್ತು, ತಾರೀಖು ಇತ್ತು, ಅಳಿಯನನ್ನು ಹಿಡಿಯಲು ಅಷ್ಟು ಸಾಕಿತ್ತು. ಆದರೆ ಈ ಹೆಂಗಸು ಕೇಳಿದ್ದು ಅಳಿಯನನ್ನಲ್ಲ. ದಿನವನ್ನು.

"ಫೋಟೊ ಆದ ಮ್ಯಾಲ?" ಎಂದಳು.

"ಅಂಬರಾಯ ಹ್ವಾದ. ಅಳಿಯ, ಅವನ ತಮ್ಮ ಗಾಡಿ ತರಾಕ ಹ್ವಾದ್ರು. ಬೀಗತಿ ಅಂಗಳದಾಗ ಯಾರೂ ಬರಲಾರದಂಗ ನಿಂತಳು."

"ನೀ?"

"ನನಗ ಹೊರಗ ಕಳಿಸಿದ್ರು. ಕಟ್ಟಿ ಮ್ಯಾಲ ಕುಂತೆ. ಒಳಗ ಒಂದು ಸಲ ಏನೋ ದಪ್ಪಂದಂಗಾತು."

"ಒಳಗ ಪ್ರೀತಿ ಹತ್ರ ಯಾರಿದ್ರು?"

ಯಂಕಮ್ಮ ತುಟಿ ಅಲುಗಿಸಿದಳು. ಅವಳು ಎಂಟು ದಿನ ಹುಡುಕಿಸಿದ್ದು ಏನನ್ನು, ಮುಚ್ಚಿಟ್ಟದ್ದು ಯಾರನ್ನು ಎಂದು ಸುಂದರಬಾಯಿಗೆ ಆಗ ಹೊಳೆಯಿತು. ಬೇಡ, ಹೇಳಬೇಡ ಎಂದು ಅವಳ ಕೈ ತಾನಾಗಿ ಮುಂದೆ ಹೋಯಿತು.

"ಕೈಯಾಗ ದಿಂಬು ಹಿಡಕೊಂಡು," ಎಂದಳು ಯಂಕಮ್ಮ, "ಅಕ್ಕಗ ಮಲಗಿಸ್ತೀನವ್ವ, ನೀ ನಡಿ ಅಂತ ಬಾಗಲಾ ಹಾಕ್ಕೊಂಡಾಕಿ ದೇವಿಕಾ."